ಹೊತ್ತೊಯ್ಯುವ ಅಣುಸ್ಥಾವರ: ಒಯ್ಯುವುದು ಓಡಿಸುವ ಮುಂಚೆಯೋ, ಓಡಿಸಿದ ಮೇಲೋ?

ಬೂದಿಮುಚ್ಚಿದಕೆಂಡ

ಸೈನ್ಯದ ಬಳಕೆಗೆ ಸಾಗಿಸಬಲ್ಲ ಪುಟ್ಟ ರಿಯಾಕ್ಟರ್ ಎಂದ ಕೂಡಲೆ ನಮ್ಮಲ್ಲಿ 'ಲಾರಿ ಮೇಲೆ ಅಣುಸ್ಥಾವರ' ಎಂಬ ತಲೆಬರಹ ಬರುತ್ತದೆ, ಚರ್ಚೆ ಅಲ್ಲಿಗೇ ನಿಲ್ಲುತ್ತದೆ. ಅಮೆರಿಕದ ಸೈನ್ಯಕ್ಕೆ ಇಂಥದ್ದನ್ನೇ ಮಾಡುವ ಯೋಜನೆ ಪ್ರಾಜೆಕ್ಟ್ ಪೀಲೆಯ ಬೇಡಿಕೆಗಳನ್ನೇ ನೋಡಿ. 1ರಿಂದ 5 ಮೆಗಾವಾಟ್ ವಿದ್ಯುತ್, ಇಂಧನ ಬದಲಿಸದೆ ಕನಿಷ್ಠ 3 ವರ್ಷ, ಎಲ್ಲವೂ 20 ಅಡಿಯ ಮಾಮೂಲಿ ಕಂಟೇನರ್‌ಗಳೊಳಗೆ. ಜಾಗ ತಲುಪಿದ 72 ಗಂಟೆಯೊಳಗೆ ಕರೆಂಟ್ ಕೊಡಬೇಕು, ಬೇಡವೆಂದ ಮೇಲೆ 7 ದಿನದೊಳಗೆ ಗಂಟುಮೂಟೆ ಕಟ್ಟಬೇಕು. 2022ರ ಜೂನ್‌ನಲ್ಲಿ ಬಿಡಬ್ಲ್ಯುಎಕ್ಸ್‌ಟಿ ಕಂಪನಿಗೆ ಸುಮಾರು 30 ಕೋಟಿ ಡಾಲರ್ ಗುತ್ತಿಗೆ ಸಿಕ್ಕಿತು, 2024ರ ಸೆಪ್ಟೆಂಬರ್‌ನಲ್ಲಿ ಐಡಾಹೊ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ನೆಲ ಅಗೆಯುವ ಕೆಲಸ ಶುರುವಾಯಿತು.

ಎಲ್ಲರ ಕಣ್ಣು ಆ 72 ಗಂಟೆಯ ಮೇಲೆ. ಆದರೆ ಕಷ್ಟ ಕೂತಿರುವುದು 7 ದಿನದಲ್ಲಿ. ಒಮ್ಮೆಯೂ ಓಡದ ರಿಯಾಕ್ಟರ್ ಎಂದರೆ ಹೊಸ ಯುರೇನಿಯಂ ತುಂಬಿದ ಉಕ್ಕಿನ ಪೆಟ್ಟಿಗೆ, ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚಬಹುದು. ಮೂರು ವರ್ಷ ಓಡಿದ ಮೇಲೆ ಅದು ಬೇರೆಯದೇ ವಸ್ತು. ಸರಪಳಿ ಕ್ರಿಯೆ ನಿಲ್ಲಿಸಿದರೂ ವಿದಳನದ ತುಣುಕುಗಳು ಕಾವು ಕೊಡುತ್ತಲೇ ಇರುತ್ತವೆ. 10 ಮೆಗಾವಾಟ್ ಶಾಖದ ರಿಯಾಕ್ಟರಿಗೆ, ಈ ಉಳಿಕೆ ಕಾವನ್ನು ಅಂದಾಜಿಸುವ ವೇ-ವಿಗ್ನರ್ ಸೂತ್ರ ಹಾಕಿದರೆ ಆರಿಸಿದ 1 ಗಂಟೆಗೆ ಸುಮಾರು 110 ಕಿಲೋವಾಟ್, 1 ದಿನಕ್ಕೆ 50, 7 ದಿನಕ್ಕೆ ಇನ್ನೂ 29 ಕಿಲೋವಾಟ್. ಅಂದರೆ ಏಳನೆಯ ದಿನ ಲಾರಿ ಮೇಲೆ ಹತ್ತುವ ಪೆಟ್ಟಿಗೆಯೊಳಗೆ ಎರಡು ಕಿಲೋವಾಟಿನ ಹದಿನಾಲ್ಕು ಗೀಸರ್ ಒಟ್ಟಿಗೆ ಉರಿಯುತ್ತಿರುತ್ತವೆ. ಸ್ವಿಚ್ ಇಲ್ಲದ ಗೀಸರ್.

ಈ ಕೋನದಿಂದ ಹಳೆಯ ಯೋಜನೆಗಳನ್ನು ಗೊತ್ತಿದ್ದವರು ಬಿಡಿಸಿ ಹೇಳಿ.

ಸೀಸದಗೋಡೆ

ಮೊದಲು ಹೆಸರುಗಳ ಗುಟ್ಟು ಹೇಳಿಬಿಡುತ್ತೇನೆ, ಮುಂದೆ ಗೊಂದಲ ಆಗಬಾರದು. ಅಮೆರಿಕದ ಭೂಸೇನೆಯ ಅಣುಶಕ್ತಿ ಕಾರ್ಯಕ್ರಮ 1954ರಿಂದ 1977ರವರೆಗೆ ನಡೆಯಿತು. ಹೆಸರಿನ ಮೊದಲ ಅಕ್ಷರ ಎಸ್ ಅಂದರೆ ಒಂದೇ ಕಡೆ ನಿಲ್ಲುವುದು, ಪಿ ಅಂದರೆ ಬಿಚ್ಚಿ ಸಾಗಿಸಿ ಜೋಡಿಸುವುದು, ಎಂ ಅಂದರೆ ನಿಜವಾಗಿ ಓಡಾಡುವುದು. ಎರಡನೆಯ ಅಕ್ಷರ ಸಾಮರ್ಥ್ಯ: ಎಲ್ 1 ಮೆಗಾವಾಟಿನೊಳಗೆ, ಎಂ 1ರಿಂದ 10, ಎಚ್ 10 ಮತ್ತು ಅದಕ್ಕೂ ಮೇಲೆ. ಆಮೇಲೆ ಕ್ರಮಸಂಖ್ಯೆ, ಕೊನೆಗೆ ಎ ಇದ್ದರೆ ಪ್ರಯೋಗದ ಮಾದರಿಯಲ್ಲ, ಹೊರಗೆ ಕೆಲಸಕ್ಕೆ ಹೋದದ್ದು.

ಈ ಲೆಕ್ಕದಲ್ಲಿ ಮೊದಲ ಅಕ್ಷರವಾಗಿ 'ಎಂ' ಹೊತ್ತವು ಎರಡೇ. ಒಂದು ಎಂಎಲ್-1, ಇನ್ನೊಂದು ಹಡಗಿನ ಮೇಲಿದ್ದ ಎಂಎಚ್-1ಎ. ನೆಲದ ಮೇಲೆ ಓಡಾಡಲು ಮಾಡಿದ್ದು ಎಂಎಲ್-1 ಒಂದೇ, ಅದೂ ಐಡಾಹೊ ಬಿಟ್ಟು ಕೆಲಸಕ್ಕೆ ಹೋಗಲಿಲ್ಲ. ಗ್ರೀನ್‌ಲ್ಯಾಂಡಿನ ಕ್ಯಾಂಪ್ ಸೆಂಚುರಿಯ ಪಿಎಂ-2ಎ, ಅಂಟಾರ್ಕ್ಟಿಕಾದ ಮ್ಯಾಕ್‌ಮರ್ಡೊದ ಪಿಎಂ-3ಎ ಇವೆಲ್ಲ ಪಿ ಜಾತಿ. ಹಸಿಯಾಗಿ ಹೋದವು, ಬಿಸಿಯಾಗಿ ನಿಂತವು.

ಗ್ರಾಫೈಟ್‌ಭಟ್ಟ

ಎಂಎಲ್-1 ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಪೀಲೆ ಅದರ ಮೊಮ್ಮಗ. ನೈಟ್ರೋಜನ್ ಅನಿಲ ಕೋರ್ (ಇಂಧನವಿರುವ ನಡುಭಾಗ) ಮೂಲಕ ಹಾದು, ನೇರ ಟರ್ಬೈನ್ ತಿರುಗಿಸಿ, ತಣಿದು ಮತ್ತೆ ಕೋರ್‌ಗೆ ಬರುತ್ತಿತ್ತು. ನ್ಯೂಟ್ರಾನ್ ನಿಧಾನಿಸಲು ನೀರು, ನಿಧಾನವಾದ ನ್ಯೂಟ್ರಾನ್ ಯುರೇನಿಯಂ ಒಡೆಯುವುದು ಸುಲಭ. ಇಡೀ ಸ್ಥಾವರ ಸುಮಾರು 38 ಟನ್, ಆರು ಪೆಟ್ಟಿಗೆ. ಅದರಲ್ಲಿ ಎರಡು ಭಾರದವು: ರಿಯಾಕ್ಟರಿನದು ಮತ್ತು ಟರ್ಬೈನಿನದು, ತಲಾ ಸುಮಾರು 15 ಟನ್. 12 ಗಂಟೆಯಲ್ಲಿ ಜೋಡಿಸಬೇಕು, ಆರಿಸಿದ ಒಂದು ದಿನಕ್ಕೆ ಹೊರಡಬೇಕು ಎಂಬುದು ಗುರಿ.

ಎಡವಿದ್ದು ಎಲ್ಲಿ? ರಿಯಾಕ್ಟರಿನಲ್ಲಿ ಅಲ್ಲ, ಹೆಚ್ಚಾಗಿ ಅದರ ಹೊರಗೆ. ಮುಚ್ಚಿದ ಸುತ್ತಿನ ಗ್ಯಾಸ್ ಟರ್ಬೈನ್ ಆಗ ಹೊಸದು. ಕಂಪ್ರೆಸರ್, ಟರ್ಬೈನ್ ಎರಡರಲ್ಲೂ ಕೆಲವೇ ಶೇಕಡಾ ದಕ್ಷತೆ ಕಡಿಮೆ ಆದರೂ ನಿವ್ವಳ ಉತ್ಪಾದನೆ ಕುಸಿಯುತ್ತದೆ. ಟರ್ಬೈನ್ 1000 ಕಿಲೋವಾಟ್ ಕೊಟ್ಟು ಕಂಪ್ರೆಸರ್ 650 ತಿಂದರೆ ಕೈಗೆ 350. ಟರ್ಬೈನ್ ಶೇ. 5 ಸೋತು ಕಂಪ್ರೆಸರ್ ಶೇ. 5 ಹೆಚ್ಚು ತಿಂದರೆ 950ರಲ್ಲಿ 682 ಕಳೆದು 268 ಉಳಿಯಿತು. ಎರಡು ಕಡೆ ಐದೈದು ಶೇಕಡಾ ತಪ್ಪಿದ್ದಕ್ಕೆ ಕಾಲು ಭಾಗ ವಿದ್ಯುತ್ ಮಾಯ. ಎಂಎಲ್-1 ಕೂಡ ತನ್ನ ಗುರಿಯ ಮೂರನೇ ಎರಡು ಭಾಗದ ಆಸುಪಾಸಿಗೆ ಬಂದು ನಿಂತಿತು, ಬಿಸಿ ಅನಿಲದಿಂದ ತಣ್ಣನೆಯದಕ್ಕೆ ಶಾಖ ದಾಟಿಸುವ ರಿಕ್ಯುಪರೇಟರ್ ಕೈಕೊಟ್ಟಿತು, 1965ರಲ್ಲಿ ಯೋಜನೆ ಮುಚ್ಚಿದರು.

ಸೀಸದಗೋಡೆ

ಭಟ್ಟರೆ, ವಿಕಿರಣ ತಡೆಯುವ ಕವಚದ ಕಥೆ ಬಿಟ್ಟಿರಿ. 15 ಟನ್ನಿಗೆ ಅವರು ಇಳಿದದ್ದೇ ಆ ಕವಚದ ತೂಕ ಉಳಿಸಿ. ಓಡುವಾಗ ಹತ್ತಿರ ಯಾರೂ ಇರುವಂತಿಲ್ಲ, ಕಂಟ್ರೋಲ್ ಕ್ಯಾಬಿನ್ ಸುಮಾರು 150 ಮೀಟರ್ ದೂರದಲ್ಲಿ, ಮಧ್ಯೆ ಕೇಬಲ್. ತೂಕ ಕಡಿಮೆ ಮಾಡಿಲ್ಲ ಅವರು, ದೂರವಾಗಿ ಪರಿವರ್ತಿಸಿದ್ದಾರೆ. ಶಿಬಿರದ ಒಳಗೆ 150 ಮೀಟರ್ ಖಾಲಿ ವೃತ್ತ ಎಂದರೆ ಸುಮಾರು ಹದಿನೇಳೂವರೆ ಎಕರೆ. ಕಾವಲು ಕಾಯಬೇಕಾದ ಹದಿನೇಳೂವರೆ ಎಕರೆ.

ತುಳುವ_ಟರ್ಬೈನ್

ರಷ್ಯಾದವರದ್ದು ಬಿಟ್ಟು ಮಾತಾಡಿದರೆ ಹೇಗೆ ಮಾರಾಯ್ರೆ? ಟಿಇಎಸ್-3 ಅಂತ ಒಂದು ಉಂಟು, ನಾಲ್ಕು ಬೆಲ್ಟ್ ಗಾಡಿಗಳ ಮೇಲೆ, ಟಿ-10 ಎಂಬ ಭಾರೀ ಟ್ಯಾಂಕಿನ ಚಾಸಿ. ಒಂದರಲ್ಲಿ ರಿಯಾಕ್ಟರ್, ಇನ್ನೊಂದರಲ್ಲಿ ಉಗಿ ಮಾಡುವ ಬಾಯ್ಲರ್, ಮೂರನೆಯದರಲ್ಲಿ ಟರ್ಬೈನ್, ನಾಲ್ಕನೆಯದು ಕಂಟ್ರೋಲ್ ರೂಮ್. ಒತ್ತಡದ ನೀರಿನ ರಿಯಾಕ್ಟರ್, 8.8 ಮೆಗಾವಾಟ್ ಶಾಖ, 1.5 ಮೆಗಾವಾಟ್ ವಿದ್ಯುತ್. 1961ರಲ್ಲಿ ಒಬ್ನಿನ್ಸ್ಕ್‌ನಲ್ಲಿ ಓಡಿತು, 1965ರಲ್ಲಿ ನಿಂತಿತು. ಎಲ್ಲ ಸೇರಿ ಸುಮಾರು 300 ಟನ್. ಮೊದಲ ಎರಡು ಗಾಡಿಗಳನ್ನು ಮಣ್ಣಿನ ದಿಬ್ಬದ ನಡುವೆ ನಿಲ್ಲಿಸಿದ ಮೇಲೆಯೇ ಸ್ಟಾರ್ಟ್ ಮಾಡುವುದು. ಅಂದರೆ ಗಾಡಿ ತಂದರೆ ಸಾಲದು, ಬುಲ್‌ಡೋಜರ್ ಕೂಡ ತರಬೇಕು.

ಆಮೇಲೆ ಬೆಲಾರೂಸಿನ ಪಮೀರ್-630ಡಿ. ಮಿನ್ಸ್ಕ್ ಹತ್ತಿರದ ಸೋಸ್ನಿಯಲ್ಲಿ ವಾಸಿಲಿ ನೆಸ್ತೆರೆಂಕೊ ಅವರ ತಂಡ ಮಾಡಿದ್ದು. ಶಾಖ ಹೊರುವ ದ್ರವ ನೈಟ್ರೋಜನ್ ಟೆಟ್ರಾಕ್ಸೈಡ್. ಬಿಸಿಯಾದಾಗ ಅದರ ಅಣು ಒಡೆದು ಎರಡಾಗ್ತದೆ, ಇನ್ನೂ ಬಿಸಿಯಾದರೆ ಮತ್ತೆ ಒಡೀತದೆ, ಒಡೆಯುವಾಗ ಶಾಖ ಹೀರ್ತದೆ, ತಣಿದಾಗ ಕೂಡಿ ಬಿಟ್ಟುಕೊಡ್ತದೆ. ಹಾಗಾಗಿ ಚಿಕ್ಕ ಟರ್ಬೈನ್, ಚಿಕ್ಕ ಶಾಖ ವಿನಿಮಯಕ ಸಾಕು. 21 ಡಿಗ್ರಿಗೇ ಕುದಿಯುವುದರಿಂದ ನೀರಿಲ್ಲದ ಕಡೆಯೂ ಗಾಳಿಯಲ್ಲೇ ತಣಿಸಿ ದ್ರವ ಮಾಡಬಹುದು. ಕಾಗದದ ಮೇಲೆ ಅಪರೂಪದ ಬುದ್ಧಿ. ಆದರೆ ಅದು ರಾಕೆಟ್ಟಿಗೆ ಹಾಕುವ ವಿಷ. ಎಲ್ಲಾದರೂ ಸೋರಿ ತೇವಕ್ಕೆ ತಾಗಿದರೆ ನೈಟ್ರಿಕ್ ಆಮ್ಲ. ಸೀಲು, ವೆಲ್ಡು, ವಾಲ್ವು ಯಾವುದನ್ನೂ ಬಿಡುವುದಿಲ್ಲ. 1985ರಲ್ಲಿ ಸ್ಟಾರ್ಟ್ ಆಯ್ತು, ಮುಂದಿನ ವರ್ಷ ಚೆರ್ನೋಬಿಲ್, 1988ರಲ್ಲಿ ಬಾಗಿಲು ಹಾಕಿದರು.

ಓದುಗ_ಹುಬ್ಬಳ್ಳಿ

ಎಲ್ಲಾರೂ ತಾಂತ್ರಿಕ ಸೋಲು ಹೇಳಾಕತ್ತೀರಿ. ಹಂಗಾದ್ರ ಸೈನ್ಯಕ್ಕ ಇದು ಯಾಕ ಬೇಕು ಅನ್ನೋದ ಮೊದಲ ಹೇಳ್ರಿ. ಡೀಸೆಲ್ ಜನರೇಟರ್ ಏನ್ ತಪ್ಪು ಮಾಡೈತಿ?

ಡೀಸೆಲ್‌ಡಬ್ಬ

ಡೀಸೆಲ್ ತಪ್ಪು ಮಾಡಿಲ್ಲ, ಅದನ್ನು ತರುವ ರಸ್ತೆ ತಪ್ಪು ಮಾಡಿದೆ. 3 ಮೆಗಾವಾಟ್ ನಿರಂತರ ಬೇಕಾದ ಶಿಬಿರಕ್ಕೆ ದಿನಕ್ಕೆ 72,000 ಯೂನಿಟ್. ಒಳ್ಳೆಯ ಜೆನ್‌ಸೆಟ್ ಲೀಟರಿಗೆ 3.8 ಯೂನಿಟ್ ಕೊಡುತ್ತದೆ ಎಂದುಕೊಳ್ಳಿ, ದಿನಕ್ಕೆ ಸುಮಾರು 19,000 ಲೀಟರ್. 12,000 ಲೀಟರಿನ ಟ್ಯಾಂಕರ್ ಆದರೆ ಎರಡು ದಿನಕ್ಕೆ ಮೂರರ ಮೇಲೆ. ಮೂರು ವರ್ಷಕ್ಕೆ ಎರಡು ಕೋಟಿ ಲೀಟರ್ ದಾಟುತ್ತದೆ. ಅದೇ ಕೆಲಸಕ್ಕೆ 10 ಮೆಗಾವಾಟ್ ಶಾಖದ ರಿಯಾಕ್ಟರಿನಲ್ಲಿ ನಿಜವಾಗಿ ಒಡೆಯುವ ಯುರೇನಿಯಂ-235 ಹನ್ನೊಂದೂವರೆ ಕಿಲೋ.

ಅಮೆರಿಕದ ಭೂಸೇನೆಯದೇ ಅಧ್ಯಯನದ ಪ್ರಕಾರ ಅಫ್ಘಾನಿಸ್ತಾನದಲ್ಲಿ ಪ್ರತಿ 24 ಇಂಧನ ಬೆಂಗಾವಲಿಗೆ ಒಬ್ಬರು ಸತ್ತರು ಅಥವಾ ಗಾಯಗೊಂಡರು, ಇರಾಕಿನಲ್ಲಿ 39ಕ್ಕೆ ಒಬ್ಬರು. 2016ರಲ್ಲಿ ರಕ್ಷಣಾ ವಿಜ್ಞಾನ ಮಂಡಳಿ ಪುಟ್ಟ ರಿಯಾಕ್ಟರ್ ಮಾತನ್ನು ಮತ್ತೆ ಎತ್ತಿದ್ದಕ್ಕೆ ಹಿನ್ನೆಲೆ ಇದೇ.

ಆದರೆ ಒಂದು ಮಾತು. ರಿಯಾಕ್ಟರ್ ಬಂತೆಂದು ಡೀಸೆಲ್ ಹೋಗುವುದಿಲ್ಲ. ಟ್ರಕ್ಕು, ಹೆಲಿಕಾಪ್ಟರಿಗೆ ಇಂಧನ ಬೇಕೇ ಬೇಕು. ರಿಯಾಕ್ಟರ್ ಸ್ಟಾರ್ಟ್ ಮಾಡಲು ಬ್ಲೋವರ್, ಉಪಕರಣಗಳಿಗೆ ಹೊರಗಿನ ಕರೆಂಟ್ ಬೇಕು. ಅದು ಟ್ರಿಪ್ ಆದ ರಾತ್ರಿ ಆಸ್ಪತ್ರೆ ಡೇರೆ, ರಾಡಾರ್ ನಡೆಯಬೇಕಾದರೆ ಪೂರ್ತಿ ಲೋಡಿಗೆ ಸಾಕಾಗುವ ಜೆನ್‌ಸೆಟ್ ತಯಾರಿರಬೇಕು. ಉಳಿತಾಯವಾಗುವುದು ಉರಿಸುವ ಲೀಟರ್ ಮಾತ್ರ, ಜೆನ್‌ಸೆಟ್ ಅಲ್ಲ.

ಓದುಗ_ಹುಬ್ಬಳ್ಳಿ

ಈಗ ತಿಳೀತ್ರಿ. ಇನ್ನೊಂದು. ಆ ಎಸ್ಎಲ್-1 ಅಪಘಾತ ಇದ ಕಾರ್ಯಕ್ರಮದ್ದೇನ್ರಿ?

ಗ್ರಾಫೈಟ್‌ಭಟ್ಟ

ಹೌದು. ಉತ್ತರ ಧ್ರುವದ ಅಂಚಿನ ರಾಡಾರ್ ಠಾಣೆಗಳಿಗೆಂದು ಮಾಡಿದ 3 ಮೆಗಾವಾಟ್ ಶಾಖದ ಕುದಿನೀರಿನ ರಿಯಾಕ್ಟರ್. ಚಿಕ್ಕದಾಗಿ ಮಾಡಬೇಕೆಂಬ ಹಟ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ.

ಸರಪಳಿ ಕ್ರಿಯೆಗೆ ಕಡಿವಾಣ ಹಾಕುವ ಕಂಟ್ರೋಲ್ ರಾಡ್‌ಗಳಲ್ಲಿ ಕೆಲಸ ಮಾಡುತ್ತಿದ್ದದ್ದು ಐದೇ. ಅದರಲ್ಲೂ ನಟ್ಟನಡುವಿನ 9ನೇ ರಾಡ್ ಒಂದೇ ಮೇಲೆದ್ದರೂ ರಿಯಾಕ್ಟರ್ ಹೊತ್ತಿಕೊಳ್ಳುತ್ತಿತ್ತು. ಹೊಸ ಇಂಧನದ ಬಿಸುಪು ತಡೆಯಲು ಇಂಧನದ ತಟ್ಟೆಗಳಿಗೆ ಬೋರಾನ್ ಬೆರೆಸಿದ ಅಲ್ಯುಮಿನಿಯಂ ಪಟ್ಟಿಗಳನ್ನು ಬೆಸೆದಿದ್ದರು. ಅವು ಸವೆದು, ಉಬ್ಬಿ, ಉದುರತೊಡಗಿದವು, ನ್ಯೂಟ್ರಾನ್ ನುಂಗುವ ಬೋರಾನ್ ಹೋದಷ್ಟೂ ರಿಯಾಕ್ಟರನ್ನು ಆರಿಸಿಡಲು ಇದ್ದ ಸುರಕ್ಷತೆಯ ಅಂತರ ಕಡಿಮೆಯಾಯಿತು. ರಾಡ್‌ಗಳು ಸಿಕ್ಕಿಕೊಳ್ಳುವುದೂ ಇತ್ತು. 1961ರ ಜನವರಿ 3ರ ರಾತ್ರಿ ಮೂವರು ರಾಡಿನ ಯಂತ್ರ ಮರುಜೋಡಿಸುತ್ತಿದ್ದರು. ಕೈಯಲ್ಲಿ ಸುಮಾರು 4 ಇಂಚು ಎತ್ತಬೇಕಾದ ರಾಡ್ ಸುಮಾರು 20 ಇಂಚು ಎದ್ದಿತು. ನಾಲ್ಕು ಮಿಲಿಸೆಕೆಂಡಿನಲ್ಲಿ ಶಕ್ತಿ 20 ಗಿಗಾವಾಟ್ ಹತ್ತಿರ. ಉಗಿಯಾದ ನೀರು ಮೇಲಿನ ನೀರನ್ನು ಸುತ್ತಿಗೆಯಂತೆ ಮುಚ್ಚಳಕ್ಕೆ ಹೊಡೆಯಿತು, ಪಾತ್ರೆ 9 ಅಡಿ ಜಿಗಿಯಿತು. ಮೂವರೂ ಸತ್ತರು.

ಆಮೇಲೆ ಬಂದ ನಿಯಮ: ಅತ್ಯಂತ ಬಲವಾದ ಒಂದು ರಾಡ್ ಪೂರ್ತಿ ಹೊರಗೆ ಸಿಕ್ಕಿಕೊಂಡರೂ ಉಳಿದವು ರಿಯಾಕ್ಟರನ್ನು ಆರಿಸಿಡಬೇಕು. ಕೋರ್ ಚಿಕ್ಕದಾದಷ್ಟೂ ಇದನ್ನು ಪಾಲಿಸುವುದು ಕಷ್ಟ. ಜಾಗ ಇಲ್ಲ, ರಾಡ್ ಕಡಿಮೆ, ಒಂದೊಂದು ರಾಡಿಗೂ ಬಲ ಜಾಸ್ತಿ. ಸಾಗಿಸುವ ಜಾತಿಗೆ ಇನ್ನೊಂದು ಪರೀಕ್ಷೆಯೂ ಉಂಟು: ಸೇತುವೆಯಿಂದ ಹೊಳೆಗೆ ಬಿದ್ದು ಕೋರ್ ತುಂಬ ನೀರು ನುಗ್ಗಿದರೂ ಹೊತ್ತಿಕೊಳ್ಳಬಾರದು. ಗ್ರಾಫೈಟ್ ಕಡಿಮೆ ಇರುವ ಪುಟ್ಟ ಕೋರ್‌ಗೆ ನೀರು ಸೇರಿದರೆ ನ್ಯೂಟ್ರಾನ್ ಇನ್ನೂ ಚೆನ್ನಾಗಿ ನಿಧಾನವಾಗುತ್ತದೆ, ಅಂದರೆ ಉರಿಗೆ ತುಪ್ಪ. ಹಾಗಾಗಿ ಪ್ರಯಾಣದಲ್ಲಿ ರಾಡ್‌ಗಳನ್ನು ಒಳಗಿಳಿಸಿ ಯಾಂತ್ರಿಕವಾಗಿ ಬೀಗ ಹಾಕಬೇಕು, ಗಾಡಿ ಮಗುಚಿದರೂ ಜಾರದಂತೆ.

ಸೀಸದಗೋಡೆ

ಕವಚದ ಲೆಕ್ಕಕ್ಕೆ ಬರೋಣ, ಇಲ್ಲೇ ಎಲ್ಲರೂ ಸೋತಿರುವುದು.

ತಡೆಯಬೇಕಾದವರು ಇಬ್ಬರು, ಸ್ವಭಾವ ಬೇರೆ ಬೇರೆ. ಗಾಮಾಕ್ಕೆ ಭಾರ ಬೇಕು. ಕೋಬಾಲ್ಟ್-60ರ ಗಾಮಾವನ್ನು ಹತ್ತರಲ್ಲಿ ಒಂದಕ್ಕೆ ಇಳಿಸಲು ಸೀಸ ಆದರೆ ಸುಮಾರು 4 ಸೆಂ.ಮೀ., ಉಕ್ಕು 7, ಕಾಂಕ್ರೀಟ್ 21ರಿಂದ 22, ಗಟ್ಟಿ ಮಾಡಿದ ಮಣ್ಣು 30ಕ್ಕೂ ಮೇಲೆ. ಲಕ್ಷದಲ್ಲಿ ಒಂದಕ್ಕೆ ಇಳಿಸಬೇಕಾದರೆ ಇದರ ಐದು ಪಟ್ಟು. ನ್ಯೂಟ್ರಾನಿಗೆ ಸೀಸ ಲೆಕ್ಕಕ್ಕೇ ಇಲ್ಲ, ಹೈಡ್ರೋಜನ್ ಬೇಕು: ನೀರು, ಪಾಲಿಥೀನ್, ಜೊತೆಗೆ ನಿಧಾನವಾದವನ್ನು ನುಂಗಲು ಬೋರಾನ್. ಬೋರಾನ್ ಹಾಕದೆ ಉಕ್ಕಿಗೆ ಬಿಟ್ಟರೆ ಕಬ್ಬಿಣ ನ್ಯೂಟ್ರಾನ್ ನುಂಗಿ 7.6 ಎಂಇವಿಯಷ್ಟು ಜೋರು ಶಕ್ತಿಯ ಗಾಮಾ ಉಗುಳುತ್ತದೆ, ಅದನ್ನು ತಡೆಯಲು ಇನ್ನಷ್ಟು ಉಕ್ಕು. ಪದರಗಳ ಅನುಕ್ರಮ ತಪ್ಪಿದರೆ ಟನ್‌ಗಟ್ಟಲೆ ವ್ಯರ್ಥ.

ಗ್ರೀನ್‌ಲ್ಯಾಂಡಿನ ಪಿಎಂ-2ಎ 1960ರಲ್ಲಿ ಮೊದಲು ಹೊತ್ತಿದಾಗ ವಿಕಿರಣ ಲೆಕ್ಕಕ್ಕಿಂತ ಜಾಸ್ತಿ ಬಂತು. ನಿಲ್ಲಿಸಿ, ಸೀಸ ತರಿಸಿ, ಹೆಚ್ಚುವರಿ ಕವಚ ಹಾಕಿ ಮುಂದುವರಿದರು. ಹಿಮದ ಸುರಂಗದೊಳಗಿನ ಸ್ಥಾವರಕ್ಕೆ ಸೀಸ ಹೊರುವುದು ಸಣ್ಣ ಕೆಲಸವಲ್ಲ.

ಪ್ರಯಾಣದ ಮಿತಿ ಪರಮಾಣು ಸಾಗಣೆ ನಿಯಮದಲ್ಲೇ ಇದೆ: ವಾಹನದ ಮೈಮೇಲೆ ಗಂಟೆಗೆ 2 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ), 2 ಮೀಟರ್ ದೂರದಲ್ಲಿ 0.1. ಬಳಸಿದ ಇಂಧನದ ಪೆಟ್ಟಿಗೆಗೆ 9 ಮೀಟರಿನಿಂದ ಬೀಳಿಸುವುದು, 1 ಮೀಟರಿನಿಂದ ಉಕ್ಕಿನ ಗೂಟದ ಮೇಲೆ ಬೀಳಿಸುವುದು, 800 ಡಿಗ್ರಿ ಬೆಂಕಿಯಲ್ಲಿ 30 ನಿಮಿಷ, ನೀರಿನಲ್ಲಿ ಮುಳುಗಿಸುವುದು ಇವೆಲ್ಲ ಆಗಬೇಕು. ಇಂಧನದ ಕ್ಯಾಸ್ಕ್ ಎಂದರೆ ಗಟ್ಟಿ ಉಂಡೆ, ತಾಳಿಕೊಳ್ಳುತ್ತದೆ. ರಿಯಾಕ್ಟರಿಗೆ ಪೈಪು, ರಾಡ್ ಯಂತ್ರ, ಸೆನ್ಸರ್ ತೂತು ಎಲ್ಲ ಇವೆ. 9 ಮೀಟರ್ ಬೀಳಿಸಿದರೆ ಅವೇ ಮೊದಲು ಹೋಗುವುದು.

ಬೂದಿಮುಚ್ಚಿದಕೆಂಡ

ಸೀಸದಗೋಡೆಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಪೀಲೆಯಲ್ಲಿ ಕವಚವನ್ನು ಎರಡಾಗಿ ಒಡೆದಿದ್ದಾರೆ. ಪ್ರಯಾಣಕ್ಕೆ ಬೇಕಾದಷ್ಟು ಪೆಟ್ಟಿಗೆಯ ಜೊತೆ, ಓಡುವಾಗ ಬೇಕಾದ ಉಳಿದದ್ದು ಸ್ಥಳದಲ್ಲೇ ಕಾಂಕ್ರೀಟ್ ಗೋಡೆ, ಮಣ್ಣು ತುಂಬಿದ ತಂತಿಬಲೆಯ ಹೆಸ್ಕೊ ಬುಟ್ಟಿ. ಟಿಇಎಸ್-3ರ ದಿಬ್ಬವೇ, ವೇಷ ಬೇರೆ.

ಇಲ್ಲಿ ಜನ ಮರೆಯುವುದು ನೆಲವನ್ನು. ಪೆಟ್ಟಿಗೆಯ ಅಡಿಯಿಂದ ಸೋರುವ ನ್ಯೂಟ್ರಾನ್ ಮಣ್ಣಿನ ಸೋಡಿಯಂ, ಮ್ಯಾಂಗನೀಸನ್ನು ವಿಕಿರಣಶೀಲ ಮಾಡುತ್ತದೆ. ಸೋಡಿಯಂ-24ರ ಅರ್ಧಾಯುಷ್ಯ 15 ಗಂಟೆ, ಮ್ಯಾಂಗನೀಸ್-56ರದ್ದು ಎರಡೂವರೆ ಗಂಟೆ ಚಿಲ್ಲರೆ, ಇವು ವಾರದಲ್ಲಿ ಕರಗುತ್ತವೆ. ಕಾಂಕ್ರೀಟಿನ ಯೂರೋಪಿಯಂ, ಉಕ್ಕಿನೊಳಗಿನ ಕೋಬಾಲ್ಟ್ ಹಾಗಲ್ಲ, ವರ್ಷಗಟ್ಟಲೆ. ಸುತ್ತಲ ಗಾಳಿಯಲ್ಲಿರುವ ಆರ್ಗಾನ್ ಕೂಡ ಆರ್ಗಾನ್-41 ಆಗುತ್ತದೆ, 1.8 ಗಂಟೆ ಅರ್ಧಾಯುಷ್ಯ, ಗಾಳಿ ಬೀಸಿದ ಕಡೆಗೆ ಡೇರೆಗಳಿದ್ದರೆ ಸಮಸ್ಯೆ. ಹಾಗಾಗಿ ಅಡಿಯಲ್ಲಿ ಬೋರಾನ್ ಹಾಸು ಹಾಕದೆ ಇಳಿಸುವುದು ದಡ್ಡತನ.

ಓದುಗ_ಹುಬ್ಬಳ್ಳಿ

ಟ್ರೈಸೊ ಇಂಧನ ಇದ್ರ ಇದ್ಯಾವ ಚಿಂತಿನೂ ಇಲ್ಲ ಅಂತಾರಲ್ರಿ?

ಗ್ರಾಫೈಟ್‌ಭಟ್ಟ

ಅದು ಒಂದು ಚಿಂತೆಗೆ ಮದ್ದು, ಎಲ್ಲದಕ್ಕಲ್ಲ. ಟ್ರೈಸೊ ಕಣ ಸಾಸಿವೆಗಿಂತ ಚಿಕ್ಕದು, ಒಟ್ಟು 0.85 ಮಿ.ಮೀ. ಆಸುಪಾಸು. ನಡುವೆ ಸುಮಾರು 425 ಮೈಕ್ರಾನಿನ ಯುರೇನಿಯಂ ಆಕ್ಸಿಕಾರ್ಬೈಡ್ ಕಾಳು, ಸುತ್ತ 100 ಮೈಕ್ರಾನ್ ಪೊಳ್ಳು ಇಂಗಾಲ, ಅದು ಅನಿಲ ಹಿಡಿದಿಡಲು. ಅದರ ಮೇಲೆ 40 ಮೈಕ್ರಾನ್ ಗಟ್ಟಿ ಇಂಗಾಲ, 35 ಮೈಕ್ರಾನ್ ಸಿಲಿಕಾನ್ ಕಾರ್ಬೈಡ್, ಮತ್ತೆ 40 ಗಟ್ಟಿ ಇಂಗಾಲ. ನಿಜವಾದ ಗೋಡೆ ಆ 35 ಮೈಕ್ರಾನ್. 1600 ಡಿಗ್ರಿಯಲ್ಲಿ ನೂರಾರು ಗಂಟೆ ಇಟ್ಟರೂ ವಿದಳನದ ಸರಕನ್ನು ಬಹುಮಟ್ಟಿಗೆ ಒಳಗೇ ಹಿಡಿದಿಡುತ್ತದೆ ಎಂದು ಐಡಾಹೊದ ಪರೀಕ್ಷೆಗಳು ತೋರಿಸಿವೆ. ಕೋರ್ ಚಿಕ್ಕದು, ಮೈ ವಿಸ್ತಾರ ಜಾಸ್ತಿ, ಆದ್ದರಿಂದ ಕೋರ್ ತಣಿಸುವ ಹೀಲಿಯಂ ಅನಿಲ ಪೂರ್ತಿ ಹೋದರೂ ಉಳಿಕೆ ಕಾವು ಗ್ರಾಫೈಟ್ ಮೂಲಕ ಹರಿದು ಪಾತ್ರೆಯ ಗೋಡೆಯಿಂದ ಹೊರಗೆ ಹೋಗುತ್ತದೆ. ಕರಗಿ ಸುರಿಯುವ ಅಪಘಾತ ಇದಕ್ಕಿಲ್ಲ ಎನ್ನುವುದು ಸರಿ.

ಆದರೆ ಸಿಲಿಕಾನ್ ಕಾರ್ಬೈಡ್ ಗಾಮಾ ತಡೆಯುವುದಿಲ್ಲ. ಗ್ರಾಫೈಟ್ ಪೆಟ್ಟು ತಿಂದರೆ ಬಿರುಕು ಬಿಡುತ್ತದೆ. ಸಾಗಣೆಯಲ್ಲಿ ಕಟ್ಟಿಹಾಕುವ ವ್ಯವಸ್ಥೆಗೆ ಅಮೆರಿಕದ ನಿಯಮ ಹೇಳುವ ಬಲ ಚಲಿಸುವ ದಿಕ್ಕಿಗೆ 10 ಜಿ, ಅಡ್ಡಕ್ಕೆ 5 ಜಿ, ಮೇಲೆ ಕೆಳಗೆ 2 ಜಿ. ಗ್ರಾಫೈಟ್ ಅಚ್ಚುಗಳು ಮಿಲಿಮೀಟರ್ ಲೆಕ್ಕದಲ್ಲಿ ಸರಿದರೂ ರಾಡಿನ ಕಾಲುವೆ ಸೊಟ್ಟ. ಕೆಟ್ಟ ರಸ್ತೆಯ ಸಣ್ಣ ಅದುರಾಟವೂ ಬೇಡ, ದಿನಗಟ್ಟಲೆ ಉಜ್ಜಿದರೆ ಇಂಗಾಲದ ಧೂಳು, ಆ ಧೂಳು ಹೀಲಿಯಂ ಜೊತೆ ಸುತ್ತಿ ಟರ್ಬೈನ್ ಕಡೆಯ ತಣ್ಣನೆ ಮೂಲೆಗಳಲ್ಲಿ ಕೂರುತ್ತದೆ. ಜೊತೆಗೆ ಪ್ರತಿ ಸಲ ಪೆಟ್ಟಿಗೆಗಳ ನಡುವಿನ ಬಿಸಿ ಪೈಪಿನ ಫ್ಲಾಂಜ್ ಬಿಚ್ಚಿ ಮತ್ತೆ ಕಟ್ಟಬೇಕು. ಹೀಲಿಯಂ ಸಿಕ್ಕ ಸಂದಿಯಲ್ಲಿ ಸೋರುವ ಅನಿಲ, ಲೋಹದ ಗ್ಯಾಸ್ಕೆಟ್ ಪ್ರತಿ ಸಲವೂ ಹೊಸದೇ ಬೇಕು. 72 ಗಂಟೆಯಲ್ಲಿ ದೊಡ್ಡ ಪಾಲು ಈ ಸೋರಿಕೆ ಪರೀಕ್ಷೆಗೇ ಹೋಗುತ್ತದೆ ಎಂಬುದು ನನ್ನ ಅಂದಾಜು.

ತುಳುವ_ಟರ್ಬೈನ್

ಶಾಖ ಚೆಲ್ಲುವುದನ್ನು ಯಾರೂ ಹೇಳಲಿಲ್ಲ. 10 ಮೆಗಾವಾಟ್ ಶಾಖದಲ್ಲಿ 3 ವಿದ್ಯುತ್ ಆದರೆ ಬಾಕಿ 7 ಮೆಗಾವಾಟ್ ಗಾಳಿಗೆ. ಗಾಳಿ 30 ಡಿಗ್ರಿ ಬಿಸಿಯಾಗಲಿ ಅಂತ ಬಿಟ್ಟರೆ ಸೆಕೆಂಡಿಗೆ 230 ಕಿಲೋ ಗಾಳಿ, ಸಮುದ್ರ ಮಟ್ಟದಲ್ಲಿ 190 ಘನ ಮೀಟರಿನ ಮೇಲೆ. ಮರುಭೂಮಿಯಲ್ಲಿ ಧೂಳು ಕೂಲರ್ ರೆಕ್ಕೆಗಳಿಗೆ ಅಂಟಿ ಹೊರಹೋಗುವ ಶಾಖ ತಗ್ಗುತ್ತದೆ, ಅನಿಲ ಬಿಸಿಯಾಗಿಯೇ ಕಂಪ್ರೆಸರಿಗೆ ವಾಪಸ್, ಭಟ್ಟರು ಹೇಳಿದ ಆ 350ರ ಲೆಕ್ಕ ಮತ್ತೆ ಕೆಡ್ತದೆ. ಮತ್ತೆ ರಾತ್ರಿ ಹೊತ್ತು ಅವಗೆಂಪು ಕ್ಯಾಮರಾದಲ್ಲಿ ನೋಡುವವನಿಗೆ ಇದು ದೀಪಸ್ತಂಭ ಮಾರಾಯ್ರೆ. ಅಡಗಿಸುವುದು ಸುಳ್ಳು.

ಡೀಸೆಲ್‌ಡಬ್ಬ

ದೀಪಸ್ತಂಭ ಎಂದಿರಿ, ಕಾನೂನಿನ ಒಂದು ತೊಡಕೂ ಅಲ್ಲೇ ಇದೆ. ಜಿನೀವಾ ಒಪ್ಪಂದಗಳ ಮೊದಲ ಹೆಚ್ಚುವರಿ ಪ್ರೋಟೊಕಾಲಿನ 56ನೇ ವಿಧಿ ಅಣುವಿದ್ಯುತ್ ಸ್ಥಾವರಗಳ ಮೇಲೆ ದಾಳಿ ಬೇಡ ಎನ್ನುತ್ತದೆ. ಆದರೆ ಸೈನಿಕ ಕಾರ್ಯಾಚರಣೆಗೆ ನಿಯತವಾಗಿ, ಗಣನೀಯವಾಗಿ, ನೇರವಾಗಿ ವಿದ್ಯುತ್ ಕೊಡುವ ಸ್ಥಾವರಕ್ಕೆ ಆ ವಿಶೇಷ ರಕ್ಷಣೆ ತಪ್ಪಬಹುದು. ಶಿಬಿರದ ರಿಯಾಕ್ಟರ್ ಇರುವುದೇ ಅದಕ್ಕೆ. ಅಮೆರಿಕ, ಭಾರತ ಎರಡೂ ಆ ಪ್ರೋಟೊಕಾಲಿನ ಸದಸ್ಯರಲ್ಲ, ಅದು ಬೇರೆ ಮಾತು. ಬೇರೆ ದೇಶದ ನೆಲದಲ್ಲಿ ಇಡಬೇಕಾದರೆ ಆ ದೇಶದ ಒಪ್ಪಿಗೆ, ವಿಮಾನ ಹಾರುವ ದಾರಿಯ ದೇಶಗಳ ಒಪ್ಪಿಗೆ. ರಿಯಾಕ್ಟರ್ 72 ಗಂಟೆಯಲ್ಲಿ ಎದ್ದು ನಿಂತರೂ ಕಾಗದಪತ್ರ ನಿಲ್ಲುವುದಿಲ್ಲ.

ಓದುಗ_ಹುಬ್ಬಳ್ಳಿ

ಹಂಗಾದ್ರ ನಮ್ಮ ಸಿಯಾಚಿನ್, ಲಡಾಖಿಗೆ ಉಪಯೋಗಿಲ್ಲೇನ್ರಿ? ನಂದಾದೇವಿ ಮ್ಯಾಲೆ ಒಂದು ಅಣುಯಂತ್ರ ಇಟ್ಟಿದ್ರಲ್ಲ?

ಸೀಸದಗೋಡೆ

ನಂದಾದೇವಿಯದು ರಿಯಾಕ್ಟರ್ ಅಲ್ಲ. 1965ರಲ್ಲಿ ಅಮೆರಿಕದವರೂ ನಮ್ಮವರೂ ಸೇರಿ ಹೊತ್ತದ್ದು ಪ್ಲುಟೋನಿಯಂ-238ರ ಕಾವಿನಿಂದ ವಿದ್ಯುತ್ ಮಾಡುವ ಬ್ಯಾಟರಿ. ಸರಪಳಿ ಕ್ರಿಯೆ ಇಲ್ಲ, ರಾಡ್ ಇಲ್ಲ, ಆರಿಸುವುದೂ ಇಲ್ಲ. ಹವೆ ಕೆಟ್ಟು ಮೇಲೇ ಬಿಟ್ಟು ಬಂದರು, ಮರುವರ್ಷ ಹೋದಾಗ ಇರಲಿಲ್ಲ. ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ.

ಸಿಯಾಚಿನ್ ಪೋಸ್ಟುಗಳಿಗೆ ಮೆಗಾವಾಟ್ ರಿಯಾಕ್ಟರ್ ಅಂದರೆ ಇಲಿಗೆ ಆನೆಯ ಅಂಬಾರಿ. ಅಲ್ಲಿ ಚದುರಿದ ಚಿಕ್ಕ ಚಿಕ್ಕ ಠಾಣೆಗಳು, ಬೇಕಾದದ್ದು ಬೆಚ್ಚಗಿರಲು, ಹಿಮ ಕರಗಿಸಲು ಕಾವು. ರಿಯಾಕ್ಟರಿಗೆ ಲೋಡ್ ಒಂದೇ ಕಡೆ ಇರಬೇಕು, ಲೇಹ್ ತರಹದ ದೊಡ್ಡ ನೆಲೆ ಆದರೆ ಮಾತಾಡಬಹುದು. ಅಲ್ಲೂ 3500 ಮೀಟರ್ ಎತ್ತರಕ್ಕೆ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ಶೇ. 70ರಷ್ಟು. ತುಳುವರ 190 ಘನ ಮೀಟರ್ 270 ಆಗುತ್ತದೆ, ಫ್ಯಾನೂ ಕೂಲರೂ ಅಷ್ಟು ದೊಡ್ಡದು. ಆದರೆ ಚೆಲ್ಲುವ ಆ 7 ಮೆಗಾವಾಟನ್ನು ಬಿಸಿನೀರಿನ ಪೈಪಿಗೆ ಹಾಕಿದರೆ ಬಂಕರುಗಳು ಬೆಚ್ಚಗಾಗುತ್ತವೆ. ಎಸ್ಎಲ್-1 ಕೂಡ 200 ಕಿಲೋವಾಟ್ ಕರೆಂಟಿನ ಜೊತೆ 400 ಕಿಲೋವಾಟ್ ಕಾವು ಕೊಡಲೆಂದೇ ಮಾಡಿದ್ದು.

ಇಲ್ಲಿ ಘೋಷಣೆಯಾಗಿರುವುದು ನಾಗರಿಕ ಬಳಕೆಯ ಪುಟ್ಟ ರಿಯಾಕ್ಟರ್. 2025ರ ಬಜೆಟ್‌ನಲ್ಲಿ 20,000 ಕೋಟಿ, 2033ರೊಳಗೆ ಐದು. ಬಿಎಆರ್‌ಸಿ ಕೈಯಲ್ಲಿರುವುದು 200 ಮೆಗಾವಾಟಿನದು, 55 ಮೆಗಾವಾಟಿನದು, ಮತ್ತೆ ಹೈಡ್ರೋಜನ್ ತಯಾರಿಕೆಗೆ 5 ಮೆಗಾವಾಟ್ ಶಾಖದ ಅನಿಲ ರಿಯಾಕ್ಟರ್. ಇವ್ಯಾವೂ ಲಾರಿಗೆ ಏರುವ ಜಾತಿಯಲ್ಲ. ಆ 5 ಮೆಗಾವಾಟಿನದು ಮಾತ್ರ ಗಾತ್ರದಲ್ಲಿ ಈ ಚರ್ಚೆಗೆ ಹತ್ತಿರ.

ಡೀಸೆಲ್‌ಡಬ್ಬ

ಗುಡಿಸುವ ಖರ್ಚನ್ನೂ ಬರೆದಿಡೋಣ. ಮ್ಯಾಕ್‌ಮರ್ಡೊದ ಪಿಎಂ-3ಎ 1962ರಲ್ಲಿ ಹೊತ್ತಿ 1972ರಲ್ಲಿ ನಿಂತಿತು. ಪಾತ್ರೆಯ ಸುತ್ತಲಿನ ಹೊದಿಕೆ ಒದ್ದೆಯಾಗಿ, ಕ್ಲೋರೈಡಿನಿಂದ ಉಕ್ಕಿನಲ್ಲಿ ಬಿರುಕು ಬಿಟ್ಟಿರಬಹುದೆಂಬ ಶಂಕೆ. ಬಿಚ್ಚಿ ನೋಡುವ ಖರ್ಚಿಗಿಂತ ಮುಚ್ಚುವುದೇ ಮೇಲೆನಿಸಿತು. ಆಮೇಲೆ ಸುತ್ತಲಿನ ಸಾವಿರಾರು ಟನ್ ಕಲ್ಲು ಮಣ್ಣನ್ನು ಹಡಗಿನಲ್ಲಿ ಅಮೆರಿಕಕ್ಕೆ ಹೊತ್ತರು, 1979ರವರೆಗೂ ಕೆಲಸ ಹಿಡಿಯಿತು. ಅಲಾಸ್ಕಾದ ಎಸ್ಎಂ-1ಎ ಕೂಡ 1972ರಲ್ಲೇ ನಿಂತಿತು, ಪೂರ್ತಿ ಕೆಡವುವ ಗುತ್ತಿಗೆ ಕೊಟ್ಟದ್ದು 2022ರಲ್ಲಿ. ಎಂಎಚ್-1ಎ ಹೊತ್ತು ಪನಾಮಾ ಕಾಲುವೆಗೆ 10 ಮೆಗಾವಾಟ್ ಕೊಟ್ಟ ಸ್ಟರ್ಜಿಸ್ ಹಡಗನ್ನು ಎಳೆದು ತಂದು 2015ರಿಂದ ಗಾಲ್ವೆಸ್ಟನ್ನಿನಲ್ಲಿ ಬಿಚ್ಚಿದರು. ಹಡಗು ನೀರಿನ ಮೇಲೆ ತೇಲುವುದರಿಂದ ಕವಚದ ತೂಕ ಅದಕ್ಕೆ ಹೊರೆಯಾಗಲಿಲ್ಲ, ಈ ಪಟ್ಟಿಯಲ್ಲಿ ಹೇಳಿದ ಕೆಲಸ ವರ್ಷಗಟ್ಟಲೆ ಮಾಡಿ, ಜಾಗ ಬಿಟ್ಟು ಇಡಿಯಾಗಿ ವಾಪಸ್ ಬಂದದ್ದು ಅದೊಂದೇ.

ಓದುಗ_ಹುಬ್ಬಳ್ಳಿ

ಕಡೀ ಪ್ರಶ್ನೆರಿ. ಪೀಲೆ ಓಡಾಕ ಶುರು ಆದ ಮ್ಯಾಲೆ ಯಾವ ಅಂಕಿ ನೋಡಬೇಕು?

ಬೂದಿಮುಚ್ಚಿದಕೆಂಡ

ಮೆಗಾವಾಟ್ ಅಲ್ಲ. ಪೂರ್ತಿ ಶಕ್ತಿಯಲ್ಲಿ ತಿಂಗಳುಗಟ್ಟಲೆ ಓಡಿಸಿ, ಆರಿಸಿ, ಏಳನೆಯ ದಿನ ಹೊರಗಿನ ಕವಚ ತೆಗೆದ ಮೇಲೆ ಪೆಟ್ಟಿಗೆಯಿಂದ 2 ಮೀಟರ್ ದೂರದಲ್ಲಿ ಮೀಟರ್ ಎಷ್ಟು ತೋರಿಸಿತು ಎಂಬುದು. ಜೊತೆಗೆ ಆ ಹೊತ್ತಿಗೆ ಫ್ಯಾನ್ ಇಲ್ಲದೆ ಪೆಟ್ಟಿಗೆಯ ಮೈ ಎಷ್ಟು ಡಿಗ್ರಿಯಲ್ಲಿ ನಿಂತಿತು ಎಂಬುದು. ಒಂದೆರಡು ದಿನ ಓಡಿಸಿ ಅಳೆದದ್ದು ಲೆಕ್ಕಕ್ಕಿಲ್ಲ, ದೀರ್ಘಾಯುಷಿ ತುಣುಕುಗಳು ಆಗಿನ್ನೂ ಕೂಡಿರುವುದಿಲ್ಲ.

ಸೀಸದಗೋಡೆ

ಮತ್ತೆ ಅಳೆಯುವವರು ಗಾಮಾ ಮೀಟರ್ ಒಂದನ್ನೇ ಹಿಡಿದು ಹೋಗಬಾರದು. ಪುಟ್ಟ ಕೋರ್‌ಗಳಲ್ಲಿ ನ್ಯೂಟ್ರಾನ್ ವಾಪಸ್ ತಳ್ಳಲು ಬೆರಿಲಿಯಂ ಬಳಸುವ ವಿನ್ಯಾಸಗಳಿವೆ. ಬೆರಿಲಿಯಂಗೆ 1.67 ಎಂಇವಿ ಮೇಲಿನ ಗಾಮಾ ತಾಗಿದರೆ ನ್ಯೂಟ್ರಾನ್ ಹೊರಬರುತ್ತದೆ, ಆರಿಸಿದ ಮೇಲೂ. ಅಂಥ ಕೋರ್ ಆದರೆ ಪಾಲಿಥೀನ್ ಚೆಂಡಿನ ನ್ಯೂಟ್ರಾನ್ ಮೀಟರ್ ಕೂಡ ಬೇಕು.